ಡಾಕ್ಟರ್ ಎದ್ದರು, ಎದ್ದ, ಎದ್ದಿತು: ಯಾವುದು ಸರಿ?

ಒಂದು ಕ್ರಿಯಾಪದದ ಬಾಲದ ಬಗ್ಗೆ ಕೇಳಬೇಕಿದೆ. ಮೂರು ದಿನದಿಂದ ತಲೆಯಲ್ಲಿ ಕೂತಿದೆ, ಏಳುತ್ತಿಲ್ಲ.

ಈಚೆಗೆ ಇಂಗ್ಲಿಷಿನ ಒಂದು ಸೈನ್ಸ್ ಫಿಕ್ಷನ್ ಹಾರರ್ ಕಾದಂಬರಿ ಓದಿದೆ. ಗುರುಗ್ರಹದ ಚಂದ್ರ ಯುರೋಪಾದ ಮೇಲೆ ಆರು ಜನ ಇರುತ್ತಾರೆ. ಹಿಮ ಕೊರೆದು ಅಡಿಯಲ್ಲಿರುವ ಕಡಲಿನ ನೀರು ಮೇಲೆ ತರುತ್ತಾರೆ. ನೀರಿನಲ್ಲಿದ್ದ ಏನೋ ಒಂದು ಅವರ ಡಾಕ್ಟರ ಮೈ ಸೇರುತ್ತದೆ. ಭೂಮಿಯನ್ನು ಕೇಳೋಣ ಅಂದರೆ, ಅಲ್ಲಿಂದ ಸಂದೇಶ ಹೋಗಿ ಉತ್ತರ ಬರಲು ಒಂದು ಗಂಟೆಗಿಂತ ಜಾಸ್ತಿ ಬೇಕು. ಬೆಳಕಿನ ವೇಗವೇ ಅಷ್ಟು, ಯಾರನ್ನು ದೂರುವುದು? ಕಥೆ ಅಂಥ ಹೊಸದೇನಲ್ಲ. ನಡುವಿನ ನೂರು ಪುಟ ಬರೀ ಓಡಾಟ, ಕಿರುಚಾಟ. ಆದರೆ ಒಂದು ಪುಟ ಓದಿದ ರಾತ್ರಿ ನಾನು ಲೈಟ್ ಆರಿಸಲಿಲ್ಲ. ಸತ್ತರೆಂದು ಮುಖದ ಮೇಲೆ ಬಟ್ಟೆ ಹೊದಿಸಿದ್ದ ಡಾಕ್ಟರ್ ಎದ್ದು ಕೂರುವ ಪುಟ ಅದು. ಸುಮ್ನೆ ಕನ್ನಡಕ್ಕೆ ತಂದು ನೋಡೋಣ ಅಂತ ಪೆನ್ನು ಹಿಡಿದೆ. ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡೆ.

ಇಂಗ್ಲಿಷಿನ ಕ್ರಿಯಾಪದ ಗುಟ್ಟು ಬಿಡುವುದಿಲ್ಲ. ಎದ್ದದ್ದು ಗಂಡೋ, ಹೆಣ್ಣೋ, ಇನ್ನೇನೋ, ಪದ ಮಾತ್ರ ಒಂದೇ. ಹಾಗಾಗಿ ಲೇಖಕರು ಹತ್ತು ಸಾಲು 'ಡಾಕ್ಟರ್', 'ಡಾಕ್ಟರ್' ಅಂತಲೇ ದಾಟಿಸಿ, ಹನ್ನೊಂದನೇ ಸಾಲಿನಲ್ಲಿ ತಣ್ಣಗೆ 'ಅದು' ಅಂದುಬಿಡುತ್ತಾರೆ. ಎದೆ ಧಸಕ್ ಅನ್ನುವುದು ಅಲ್ಲಿ. ನಮ್ಮಲ್ಲಿ ಹತ್ತು ಸಾಲು ಕಾಯುವ ಭಾಗ್ಯ ಇಲ್ಲ. ಮೊದಲ ಪೂರ್ಣವಿರಾಮ ಬರುವಷ್ಟರಲ್ಲೇ ಎಲ್ಲ ಬಯಲು.

'ಡಾಕ್ಟರ್ ಎದ್ದರು' ಅಂತ ಮೊದಲು ಬರೆದೆ. ಹಿರಿಯರು, ಓದಿದವರು, ಬಹುವಚನ ಕೊಡಬೇಕಲ್ವಾ. ಬರೆದಾದ ಮೇಲೆ ಮೈ ಜುಂ ಅಂತು. ಯಾಕೆಂದರೆ ಕಾದಂಬರಿಯಲ್ಲಿ ಅವರೊಳಗೆ ಇರುವುದು ಒಂದಲ್ಲ, ಹಿಂಡು. 'ಎದ್ದರು' ಅಂದರೆ ಎಷ್ಟು ಜನ ಎದ್ದರು? ನಾವು ಗೌರವಕ್ಕೆ ಹಾಕುವ 'ರು' ಇಲ್ಲಿ ನಿಜವಾದ ಬಹುವಚನ ಆಗಿಬಿಡುತ್ತದೆ. ಲೇಖಕರಿಗೆ ಕನ್ನಡ ಗೊತ್ತಿದ್ದಿದ್ದರೆ ಈ ವರಸೆ ಬಿಡುತ್ತಿರಲಿಲ್ಲ ಅನ್ನಿಸಿತು. ವ್ಯಾಕರಣ ಕಟ್ಟುನಿಟ್ಟಾಗಿ ನೋಡುವವರು 'ಹಿಂಡಾದರೆ ಎದ್ದವು ಆಗಬೇಕು' ಅನ್ನಬಹುದು, ಸರಿಯೇ. ಆದರೂ ಆ ಅನುಮಾನವೇ ಚೆನ್ನ.

ಇನ್ನು 'ಎದ್ದಿತು'. ಇದರಲ್ಲಿ ನಿಜವಾಗಿ ಭಯ ಇದೆಯೇ ಅನ್ನುವುದು ನನ್ನ ಮೊದಲ ಪ್ರಶ್ನೆ. ನಾವು ಮಗುವನ್ನೂ 'ಅದು' ಅಂತೀವಿ, ಕೂಸು ಅತ್ತಿತು, ನಕ್ಕಿತು. ಹವ್ಯಕ ಕನ್ನಡದಲ್ಲಿ ಹೆಂಗಸರ ಬಗ್ಗೆ ಹೇಳುವಾಗಲೂ ನಪುಂಸಕವೇ, ಅದರಲ್ಲಿ ಅವಮಾನ ಏನೂ ಇಲ್ಲ. ಶಾಲೆಯ ವ್ಯಾಕರಣದಲ್ಲಿ ಪುನ್ನಪುಂಸಕ ಅಂತ ಒಂದು ಲಿಂಗ ಇತ್ತು, ನೆನಪಿದೆಯಾ? 'ಶನಿಯು ಕಾಡಿದನು' ಅಂತಲೂ ಆಗುತ್ತದೆ, 'ಶನಿಯು ಕಾಡಿತು' ಅಂತಲೂ ಆಗುತ್ತದೆ. ನಮ್ಮ ಡಾಕ್ಟರನ್ನು ಆ ಗುಂಪಿಗೆ ಸೇರಿಸಬಹುದೋ ಏನೋ. ಆದರೆ ರಾವಣನಿಗೆ ಹತ್ತು ತಲೆ ಇದ್ದರೂ 'ಬಂದ' ಅಂತೀವಿ, ದೆವ್ವಕ್ಕೆ ಮಾತ್ರ 'ಬಂತು'. ರಾಕ್ಷಸರಿಗೆ ಮಾತು, ಬುದ್ಧಿ, ಹೆಸರು ಇದೆ ಅನ್ನುವುದು ಕಾರಣ ಇರಬಹುದು. ಈ ಡಾಕ್ಟರಿಗೂ ಮಾತು ಇದೆ. ಎದ್ದವರೇ ನೀರು ಕೇಳುತ್ತಾರೆ.

ಆಮೇಲೆ ಇರುವೆ ನೆನಪಾಯಿತು. ಒಫಿಯೊಕಾರ್ಡಿಸೆಪ್ಸ್ ಅನ್ನುವ ಬೂಷ್ಟು ಬಡಗಿ ಇರುವೆಯ ಮೈಯೊಳಗೆ ಬೆಳೆಯುತ್ತದೆ. ಇರುವೆ ಗೂಡು ಬಿಟ್ಟು ಗಿಡ ಹತ್ತಿ, ಎಲೆಯ ನರ ಕಚ್ಚಿ ಹಿಡಿದು ಸಾಯುತ್ತದೆ. ಕೊನೆಗೆ ತಲೆಯ ಹಿಂದಿನಿಂದ ಬೂಷ್ಟಿನ ದಂಟು ಏಳುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬೂಷ್ಟು ಸ್ನಾಯುಗಳ ಸುತ್ತ ಬಲೆ ಹೆಣೆದಿರುತ್ತದೆ, ಮಿದುಳಿನ ಒಳಗೆ ಮಾತ್ರ ಇಳಿದಿರುವುದಿಲ್ಲ. ಕನ್ನಡದಲ್ಲಿ ಇರುವೆಯೂ 'ಅದು', ಬೂಷ್ಟೂ 'ಅದು'. ಹಾಗಾದರೆ 'ಹತ್ತಿತು' ಅಂದಾಗ ಹತ್ತಿದ್ದು ಯಾವುದು? ಸರಿಯಾಗಿ ಹೇಳಬೇಕಾದರೆ 'ಹತ್ತಿಸಿತು' ಅನ್ನಬೇಕು.

ಇದೇ ಲೆಕ್ಕದಲ್ಲಿ ನಾಲ್ಕನೇ ದಾರಿ ಹೊಳೆಯಿತು: 'ಡಾಕ್ಟರನ್ನು ಎಬ್ಬಿಸಿತು'. ಎದ್ದದ್ದು ಅವರೂ ಅಲ್ಲ, ಅದೂ ಅಲ್ಲ, ಅವರನ್ನು ಅದು ಎಬ್ಬಿಸಿತು. ಬೆಳಿಗ್ಗೆ ಅಮ್ಮ ಮಕ್ಕಳನ್ನು ಎಬ್ಬಿಸುವ ಅದೇ ಪದ. ನನಗೆ ಬಹಳ ಹಿಡಿಸಿತು. ತೊಂದರೆ ಒಂದೇ, ಕಥೆಯ ಗುಟ್ಟು ಅಲ್ಲಿಗೇ ಒಡೆದುಹೋಗುತ್ತದೆ.

ಎರಡನೇ ಪ್ರಶ್ನೆ, ಹೀಗೆ ಒಳಗೆ ಸೇರಿಕೊಳ್ಳುವುದಕ್ಕೆ ಏನನ್ನಬೇಕು? 'ಮೆಟ್ಟಿಕೊಂಡಿದೆ', 'ಗಾಳಿ ಸೋಕಿದೆ', 'ಮೈಮೇಲೆ ಬಂದಿದೆ' ಎಲ್ಲ ಗಟ್ಟಿ ಮಾತುಗಳು. ಆದರೆ ಬಳಸಿದ ಕೂಡಲೇ ಬೇವಿನ ಸೊಪ್ಪು, ಮಂತ್ರವಾದಿ ಬಂದು ನಿಲ್ಲುತ್ತಾರೆ, ಯುರೋಪಾ ಮಾಯ. 'ಪರಕಾಯ ಪ್ರವೇಶ' ಸಿದ್ಧರ ಸೊತ್ತು. 'ಪರಾವಲಂಬಿ' ಪರೀಕ್ಷೆಗೆ ಓದಿದ ಪದ, ಯಾರೂ ಹೆದರುವುದಿಲ್ಲ. ಸದ್ಯಕ್ಕೆ ನನ್ನ ಕೈಯಲ್ಲಿರುವುದು 'ಬಂದಳಿಕೆ'. ಮರದ ಕೊಂಬೆಗೆ ಬೇರಿಳಿಸಿ ಅದರ ರಸ ಹೀರಿ ಬದುಕುವ ಗಿಡ. ದೂರದಿಂದ ನೋಡಿದರೆ ಮರವೇ ಚಿಗುರಿದ ಹಾಗೆ ಕಾಣುತ್ತದೆ. 'ಡಾಕ್ಟರಿಗೆ ಬಂದಳಿಕೆ ಹಿಡಿದಿತ್ತು' ಅಂದರೆ ನಡೆಯುತ್ತಾ? ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಪದ ಇದ್ದರೆ ತಿಳಿಸಿ.

ಇನ್ನೊಂದು ಸಣ್ಣ ತಕರಾರು. ಎದ್ದ ಡಾಕ್ಟರ್ 'ನಾನು' ಬಿಟ್ಟು 'ನಾವು' ಅನ್ನಲು ಶುರು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಓದುಗ ಬೆಚ್ಚುತ್ತಾನೆ. ಕನ್ನಡದಲ್ಲಿ? ಒಬ್ಬನೇ ಮಗ ಕೂಡ 'ನಮ್ಮಮ್ಮ' ಅಂತಾನೆ. ಒಬ್ಬರೇ ಕೂತು 'ನಮಗೇನು ಗೊತ್ತಪ್ಪ' ಅನ್ನುವವರು ಎಷ್ಟು ಜನ ಇಲ್ಲ! ಆ ಸಾಲು ಪೂರ್ತಿ ಸಪ್ಪೆಯಾಯಿತು. ಅದನ್ನು ಕೈಬಿಟ್ಟೆ.

ಬಾಗಿಲಿನ ಸಾಲು ಮಾತ್ರ ತಾನಾಗಿ ಒಲಿಯಿತು. ಹೊರಗಿನಿಂದ ಬಾಗಿಲು ತಟ್ಟಿದ ಸದ್ದು. 'ತಟ್ಟಿದ ಸದ್ದು' ಅಂದರೆ ತಟ್ಟಿದ್ದರ ಲಿಂಗ ಗೊತ್ತಾಗುವುದಿಲ್ಲ, ಬಚಾವ್. ಒಳಗೆ ಉಳಿದಿರುವ ಒಬ್ಬಳೇ ಹುಡುಗಿ ಕೇಳುತ್ತಾಳೆ. ಎಲ್ಲರೂ ಕೇಳುವ ಹಾಗೆ 'ಯಾರದು?' ಅಂತ ಬರೆದೆ. ಬರೆದ ಮೇಲೆ ಬಿಡಿಸಿ ನೋಡಿದೆ: ಯಾರು, ಅದು.