ನುಡಿ ಟೈಪಿಂಗ್ ಮಾತ್ರ ಗೊತ್ತಿರುವ ಸಿಬ್ಬಂದಿಗೆ ಯಾವ ವೆಬ್‌ಸೈಟ್ ಸಾಫ್ಟ್‌ವೇರ್ ಹೊಂದೀತು?

ಗುಳೇದಗುಡ್ಡ_ಖಣ:
ನೇಕಾರರ ಸಹಕಾರಿ ಸಂಘಕ್ಕೊಂದು ವೆಬ್‌ಸೈಟ್ ಆಗಬೇಕು. ನೋಡಿಕೊಳ್ಳುವವರು ಇಬ್ಬರು ಗುಮಾಸ್ತರು. ವರ್ಡ್‌ನಲ್ಲಿ ನುಡಿ ಟೈಪಿಂಗ್, ವಾಟ್ಸ್‌ಆ್ಯಪ್, ಇಷ್ಟೇ ರೂಢಿ. ಖಣ, ಇಳಕಲ್ ಸೀರೆಗಳ ಫೋಟೊ, ತಿಂಗಳಿಗೊಮ್ಮೆ ಬದಲಾಗುವ ದರಪಟ್ಟಿ, ಸಭೆಯ ನೋಟಿಸು ಹಾಕಬೇಕು. ಸದ್ಯ ಆನ್‌ಲೈನ್ ಮಾರಾಟ ಇಲ್ಲ. ವರ್ಡ್‌ಪ್ರೆಸ್, ವಿಕ್ಸ್, ಗೂಗಲ್ ಸೈಟ್ಸ್, ಯಾವುದು ತಗೊಳ್ಳೋಣರಿ?

ಘಟಪ್ರಭಾ:
ಮಾರಾಟ ಇಲ್ಲಂದ್ರ ಗೂಗಲ್ ಸೈಟ್ಸ್ ಸಾಕ್ರಿ. ಪುಕ್ಕಟೆ, ಅಪ್‌ಡೇಟ್ ಕಾಟ ಇಲ್ಲ. ಸಂಘದ ಹೆಸರಿಲೆ ಜಿಮೇಲ್ ಖಾತೆ ತೆರೆದು ಅದರಾಗ ಮಾಡ್ರಿ. ಗುಮಾಸ್ತರ ಸ್ವಂತ ಖಾತೆ ಬ್ಯಾಡ, ಅವರು ಕೆಲಸ ಬಿಟ್ರ ಸೈಟಿನ ಕೀಲಿ ಅವರ ಕಿಸೆದಾಗ ಹೋಗತೈತಿ.

ದರಪಟ್ಟಿ ಪುಟದಾಗ ಟೈಪ್ ಮಾಡಬ್ಯಾಡ್ರಿ. ಗೂಗಲ್ ಶೀಟ್‌ನಾಗ ಮಾಡಿ, 'ಇನ್ಸರ್ಟ್' ಒಳಗ 'ಶೀಟ್ಸ್' ಒತ್ತಿ ಸೇರಿಸ್ರಿ. ಆಮ್ಯಾಲ ಶೀಟ್ ತಿದ್ದಿದ್ರ ಸೈಟಿನಾಗೂ ತಾನ ಬದಲಾಗತೈತಿ. ಎಡವೋದು ಇಲ್ಲೇ: ಶೀಟಿನ 'ಶೇರ್' ಒಳಗ ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಇಡದಿದ್ರ, ಲಾಗಿನ್ ಆಗಿರೋ ನಿಮಗ ಪಟ್ಟಿ ಕಾಣತೈತಿ, ಗಿರಾಕಿಗೆ ಕಾಣೂದಿಲ್ಲ. ಇನ್‌ಕಾಗ್ನಿಟೊ ವಿಂಡೋದಾಗ (ಲಾಗಿನ್ ಇಲ್ಲದ ಬ್ರೌಸರ್ ಕಿಟಕಿ) ಒಮ್ಮೆ ತೆರೆದು ನೋಡ್ರಿ.

ಬಿಳಿಜೋಳ:
ಸೈಟ್ಸ್‌ನಲ್ಲಿ ನೋಟಿಸುಗಳು ತಾರೀಖಿನ ಪ್ರಕಾರ ತಾವಾಗಿ ಜೋಡಣೆಯಾಗುವುದಿಲ್ಲ. ವಾರಕ್ಕೊಂದು ನೋಟಿಸು ಇದ್ದರೆ ವರ್ಡ್‌ಪ್ರೆಸ್ಸೇ ವಾಸಿ. ಆದರೆ ಅಪ್‌ಡೇಟ್, ಬ್ಯಾಕಪ್ ನೋಡಲು ತಿಳಿದವರೊಬ್ಬರು ಬೇಕೇ ಬೇಕು. ಗುಮಾಸ್ತರಿಗೆ ವರ್ಡ್‌ಪ್ರೆಸ್‌ನ ಪೂರ್ಣ ಅಧಿಕಾರ, ಅಂದರೆ 'ಅಡ್ಮಿನ್', ಕೊಡಬೇಡಿ. 'ಕಾಂಟ್ರಿಬ್ಯೂಟರ್' ಕೊಟ್ಟರೆ ಫೋಟೊ ಏರಿಸಲಾಗದು. 'ಆಥರ್' ಆದರೆ ನೋಟಿಸು ಹಾಕಬಹುದು, ದರಪಟ್ಟಿಯ ಪುಟ ತಿದ್ದಲಾಗದು. ಎರಡೂ ಬೇಕೆಂದರೆ 'ಎಡಿಟರ್'.

ವಿಕ್ಸ್ ಕಲಿಯಲು ಸುಲಭ, ನಿಜ. ಅಲ್ಲಿ ಕಟ್ಟಿದ ಸೈಟನ್ನು ಬೇರೆ ಹೋಸ್ಟಿಂಗ್‌ಗೆ (ಸೈಟ್ ಇಡುವ ಸರ್ವರ್ ಜಾಗಕ್ಕೆ) ಒಯ್ಯಲು ಬರುವುದಿಲ್ಲ, ಮೊದಲಿನಿಂದ ಕಟ್ಟಬೇಕು.

ಗುಳೇದಗುಡ್ಡ_ಖಣ:
ಹಳೆಯ ನೋಟಿಸೆಲ್ಲ ನುಡಿ ಫೈಲಿನಲ್ಲಿದೆ. ಕಾಪಿ-ಪೇಸ್ಟ್ ನಡೆದೀತಾ?

ಕಸೂತಿ_ಗೋಪುರ:
ನಡೆಯದು. ಹಳೆಯ ನುಡಿ ಫಾಂಟ್‌ಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿವೆ. ಆ ಫಾಂಟ್ ಇಲ್ಲದ ಫೋನಿನಲ್ಲಿ 'ಕನ್ನಡ' ಎಂದು ಬರೆದದ್ದು ಇಂಗ್ಲಿಷಿನ 'ಪಿ', ಪೌಂಡ್ ಚಿಹ್ನೆ ಹೀಗೆ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್ (ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಪರಿವರ್ತಕಕ್ಕೆ ಹಾಕಿ ತೆಗೆದು, 'ಕಾರ್ಯದರ್ಶಿ'ಯಂಥ ಅರ್ಕಾವತ್ತಿನ ಪದಗಳನ್ನೂ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕಣ್ಣಿಟ್ಟು ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ. ಹೊಸದನ್ನು ನೇರ ಯೂನಿಕೋಡ್‌ನಲ್ಲೇ ಟೈಪಿಸಲಿ. ಸ್ಕ್ಯಾನ್ ಮಾಡಿ ಚಿತ್ರ ಅಂಟಿಸುವ ಅಡ್ಡದಾರಿ ಬೇಡ, ಫೋನಿನಲ್ಲಿ ಓದಲು ಹಿಗ್ಗಿಸುತ್ತ ಕೂರಬೇಕು.

ಖಣದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಸಣ್ಣ ಬುಟ್ಟಾ ಮಸಕಾಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ. ವರ್ಡ್‌ಪ್ರೆಸ್ ಆದರೆ ಏರಿಸುವ ಮುನ್ನ ಅಗಲ 1200 ಪಿಕ್ಸೆಲ್, ತೂಕ 200–300 ಕೆಬಿಗೆ ಇಳಿಸಿ. 4–5 ಎಂಬಿಯ ಫೋಟೊಗಳನ್ನು ಹಾಗೇ ಸುರಿದರೆ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎದ್ದುಹೋಗಿರುತ್ತಾನೆ.

ಘಟಪ್ರಭಾ:
ರೊಕ್ಕ ಕೊಡೂ ಮೊದಲ ಗುಮಾಸ್ತರ ಕೈಯಾಗ ಕೊಟ್ಟು ಒಂದು ದರ ತಿದ್ದಸ್ರಿ, ಒಂದು ನೋಟಿಸು, ಒಂದು ಫೋಟೊ ಹಾಕಸ್ರಿ. ಬಾಜೂಕ ಕುಂತು ಹೇಳಬ್ಯಾಡ್ರಿ. ಅರ್ಧ ತಾಸಿನಾಗ ಆಗಲಿಲ್ಲಂದ್ರ ಆ ಸಾಫ್ಟ್‌ವೇರ್ ಬಿಡ್ರಿ. ಡೊಮೇನ್ (ಸೈಟಿನ ವಿಳಾಸದ ಹೆಸರು) ತಗೊಂಡ್ರ ಅದೂ ಸಂಘದ ಹೆಸರಿಲೇ ಇರಲಿ, ನವೀಕರಣದ ಮೇಲ್ ದಿನಾ ತೆರೆಯೋ ಐಡಿಗೆ ಬರಲಿ.