ಸಹಾಯ ಬೇಕು: ಟೂ ವೀಲ್ ಡ್ರೈವ್ ಪಿಕಪ್‌ನ ಫೋರ್ ವೀಲ್ ಮಾಡಿಸ್ಲಿಕ್ಕೆ ಆಗ್ತದಾ?

ನಮಸ್ಕಾರ ಎಲ್ರಿಗೂ, ನನ್ನತ್ರ ಬೊಲೆರೊ ಕ್ಯಾಂಪರ್ ಉಂಟು, ಟೂ ವೀಲ್ ಡ್ರೈವ್. ಹೆಬ್ರಿ ಹತ್ರ ಅಡಿಕೆ ತೋಟ, ಮಳೆ ಶುರುವಾದ್ರೆ ಕೆಮ್ಮಣ್ಣಿನ ಏರಲ್ಲಿ ಹಿಂದಿನ ಒಂದು ಟಯರ್ ಸುಮ್ನೆ ತಿರುಗ್ತದೆ ಗಾಡಿ ಹತ್ತುದೇ ಇಲ್ಲ, ಕೊಳೆರೋಗಕ್ಕೆ ಮದ್ದು ಬಿಡುವ ಟೈಮಲ್ಲೇ ಮೈಲುತುತ್ತು, ಸುಣ್ಣ, ಡ್ರಮ್ಮು ಎಲ್ಲ ಆಳುಗಳು ಹೊರ್ಬೇಕು, ನೋಡಿ ಬೇಜಾರಾಗ್ತದೆ. ಗೇರ್‌ಬಾಕ್ಸಿನ ಶಕ್ತಿ ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಶಿಯಲ್ (ಎರಡು ಬದಿ ಚಕ್ರ ಬೇರೆ ಬೇರೆ ಸ್ಪೀಡಲ್ಲಿ ತಿರುಗ್ಲಿಕ್ಕೆ ಬಿಡುವ ಗೇರು) ಇರುವ ಮುಂದಿನ ಆಕ್ಸಲ್, ಆ ಆಕ್ಸಲ್‌ಗೆ ಶಕ್ತಿ ಕೊಂಡೋಗ್ಲಿಕ್ಕೆ ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್ ಬೇಕು, ಮುಂದೆ ಹಿಂದೆ ಆಕ್ಸಲಿನ ಗೇರ್ ರೇಶಿಯೋ ಒಂದೇ ಇರ್ಬೇಕು ಅಂತ ಗೊತ್ತುಂಟು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಲ್ಲಿ ಆರ್‌ಟಿಓ ಪರ್ಮಿಶನ್ ಇಲ್ಲದೆ ನಾನಂತೂ ಮಾಡಿಸುದಿಲ್ಲ. ಉಡುಪಿ ಮಂಗಳೂರು ಕಡೆ ಯಾರಾದ್ರೂ ಮಾಡಿಸಿದ್ದೀರಾ, ಖರ್ಚೆಷ್ಟಾಯ್ತು? ಅಥವಾ ಹಿಂದೆ ಡಿಫ್ ಲಾಕ್ (ಡಿಫರೆನ್ಶಿಯಲ್ ಲಾಕ್ ಮಾಡಿ ಎರಡೂ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುದು) ಹಾಕಿಸಿದ್ರೆ ಸಾಕಾ? ದಯವಿಟ್ಟು ಹೇಳಿ ಮಾರಾಯ್ರೆ.