ಬಣ್ಣ ಹೋದ ನೀರಿಗೆ ‘ಶುದ್ಧ’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ. ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಭಿವಂಡಿ ಕಡೆ, ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳಕು ನೀರಿನ ಪ್ಲಾಂಟ್‌ಗಳಲ್ಲಿ. ಪಂಪು, ತೊಟ್ಟಿಗೆ ಗಾಳಿ ಊದುವ ಬ್ಲೋವರ್ ನೋಡಿಕೊಳ್ಳುವ ಹುಡುಗರಲ್ಲಿ ಕಲಬುರಗಿ, ವಿಜಯಪುರ ಕಡೆಯವರು ಜಾಸ್ತಿ. ಅವರಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಬೇಕು ಅಂತಿದ್ದೇನೆ. ‘ಡಿಕಲರೈಸೇಶನ್’, ಅಂದರೆ ಕೊಳಕು ನೀರಿನ ಬಣ್ಣ ತೆಗೆಯುವುದು, ಅದಕ್ಕೆ ಕನ್ನಡ ಪದ ಸಿಗದೆ ಅಲ್ಲಿಗೇ ಬಂದು ನಿಂತಿದೆ.

‘ಬಣ್ಣ ಬಿಡಿಸುವುದು’ ಅಂತ ಬರೆದರೆ ಓದುವವರ ತಲೆಗೆ ಬರುವುದು ಬಣ್ಣ ಬಿಡುವ ಸೀರೆ, ಅಲ್ವಾ? ಅಲ್ಲಿ ಬಟ್ಟೆಯ ಬಣ್ಣ ನೀರಿಗೆ ಇಳಿಯುತ್ತದೆ, ನಮಗೆ ಬೇಕಾದ್ದು ಅದಕ್ಕೆ ಪೂರಾ ಉಲ್ಟಾ. ಹೋಗಲಿ, ಪತ್ರಿಕೆಗಳ ಹಾಗೆ ‘ಶುದ್ಧೀಕರಣ’ ಅಂದುಬಿಡೋಣ ಅಂದರೆ ಅದು ಸುಳ್ಳಾಗುತ್ತದೆ. ಸುಮ್ನೆ ಪದದ ಜಗಳ ಅಲ್ಲ ಇದು, ಯಾಕೆ ಅಂತ ಹೇಳುತ್ತೇನೆ.

ಹತ್ತಿಬಟ್ಟೆಗೆ ಹಾಕುವ ಬಣ್ಣ ಪೂರ್ತಿ ನೂಲಿಗೆ ಹಿಡಿಯುವುದಿಲ್ಲ, ಉಳಿದದ್ದು ನೀರಿನ ಜೊತೆ ಬರುತ್ತದೆ. ಇವುಗಳಲ್ಲಿ ಬಹಳಷ್ಟು ಅಜೋ ಬಣ್ಣಗಳು, ಅಂದರೆ ಎರಡು ನೈಟ್ರೋಜನ್ ಪರಮಾಣುಗಳ ಜೋಡಿ ಕೊಂಡಿ ಇರುವಂಥವು. ಬಿಸಿಲಿಗೂ ಸೋಪಿಗೂ ಜಗ್ಗಬಾರದು ಅಂತಲೇ ಮಾಡಿದ ಬಣ್ಣ, ಗಾಳಿ ಊದುವ ತೊಟ್ಟಿಯ ಬ್ಯಾಕ್ಟೀರಿಯಾಗಳಿಗೂ ಸುಲಭವಾಗಿ ಜಗ್ಗುವುದಿಲ್ಲ. ಗಾಳಿ ಇಲ್ಲದ ತೊಟ್ಟಿಯಲ್ಲಿ ಮಾತ್ರ ಬೇರೆ ಬ್ಯಾಕ್ಟೀರಿಯಾಗಳು ಆ ಕೊಂಡಿಯನ್ನು ಮುರಿಯುತ್ತವೆ. ಕಡುಗೆಂಪು ನೀರು ತೆಳು ಹಳದಿಗೆ ತಿರುಗುತ್ತದೆ. ನೋಡಿದವರು ಆಯ್ತು ಬಿಡಿ, ಕೆಲಸ ಮುಗೀತು ಅನ್ನುತ್ತಾರೆ. ಆದರೆ ಕೊಂಡಿ ಮುರಿದಾಗ ಹುಟ್ಟುವ ಅಮೀನ್‌ ಅನ್ನುವ ರಾಸಾಯನಿಕಗಳು ನೀರಿನಲ್ಲೇ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ವಿಷ. ಅಂಥ ಅಮೀನ್‌ಗಳಲ್ಲೊಂದಾದ ಬೆಂಜಿಡಿನ್ ಅಂತೂ ಕ್ಯಾನ್ಸರ್ ತರುವುದು ಗೊತ್ತಿರುವ ಮಾತು. ಅವನ್ನು ತಿಂದು ಮುಗಿಸುವುದು ಮುಂದಿನ, ಗಾಳಿ ಊದುವ ತೊಟ್ಟಿಯ ಕೆಲಸ. ನೀರು ತಿಳಿಯಾಗಿದೆ ಅಂತ ಯಾರಾದರೂ ಅಲ್ಲಿ ಬ್ಲೋವರ್ ಆರಿಸಿದರೆ ಆ ವಿಷವೆಲ್ಲ ನೇರ ಹೊಳೆಗೆ.

ಜೀನ್ಸ್‌ನ ನೀಲಿಯದ್ದು ಇನ್ನೊಂದು ಬಗೆ. ಆಮ್ಲಜನಕ ಇಲ್ಲದಿದ್ದಾಗ ನೀಲಿ ಹೋಗಿ ಹಳದಿ ಮಿಶ್ರಿತ ಹಸಿರಾಗುತ್ತದೆ, ಗಾಳಿ ತಾಗಿದರೆ ಮತ್ತೆ ನೀಲಿ. ಹಳೇ ಕಾಲದ ನೀಲಿ ಬಾನಿಗಳಲ್ಲಿ ಬಟ್ಟೆ ಅದ್ದುವ ಮೊದಲು ಬಾನಿಯನ್ನು ಹುಳಿಯಿಸಿ ಬ್ಯಾಕ್ಟೀರಿಯಾದಿಂದಲೇ ಈ ಕೆಲಸ ಮಾಡಿಸುತ್ತಿದ್ದರು. ಬಣ್ಣ ಕಾಣುತ್ತಿಲ್ಲ ಅಂದ ಮಾತ್ರಕ್ಕೆ ಬಣ್ಣದ ಕಣ ಹಾಳಾಯಿತು ಅಂತಲ್ಲ.

ಹಾಗಾಗಿ ಮೊದಲ ತೊಟ್ಟಿಗೆ ‘ಬಣ್ಣಮುರಿತ’, ಎರಡನೆಯದಕ್ಕೆ ‘ವಿಷ ಕಳೆಯುವುದು’ ಅಂತ ಸದ್ಯಕ್ಕೆ ಬರೆದಿದ್ದೇನೆ. ‘ಬಣ್ಣಮುರಿತ’ ಕಿವಿಗೆ ಸರಿಯಾಗಿ ಕೂರುತ್ತಿಲ್ಲ. ಹೊಸ ತೊಟ್ಟಿಗೆ ಸಗಣಿ ನೀರನ್ನೋ ಹಳೇ ಪ್ಲಾಂಟಿನ ಕೆಸರನ್ನೋ ಹಾಕಿ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಮಾತ್ರ ‘ಹೆಪ್ಪು ಹಾಕುವುದು’ ಅಂತ ಬರೆದೆ. ಹಾಲಿಗೆ ಹಾಕುವ ಹಾಗೇ ಇದೂ, ಹುಡುಗರಿಗೆ ತಕ್ಷಣ ಅರ್ಥವಾಯಿತು. ತೊಟ್ಟಿಯಲ್ಲಿ ಬೆಳೆಯುವ ಈ ಬ್ಯಾಕ್ಟೀರಿಯಾ ರಾಶಿಗೆ, ಅಂದರೆ ‘ಸ್ಲಜ್’ಗೆ, ಕೆಸರು ಅನ್ನಲೋ, ಗಸಿ ಅನ್ನಲೋ? ಗಾಜಿನ ಅಳತೆಪಾತ್ರೆಯಲ್ಲಿ ತೊಟ್ಟಿಯ ನೀರು ಒಂದು ಲೀಟರ್ ಹಿಡಿದು 30 ನಿಮಿಷ ಬಿಟ್ಟರೆ ಕಂದು ಬಣ್ಣದ್ದು ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ, ಅದನ್ನು ನೋಡಿದರೆ ಗಸಿಯೇ ಸರಿ ಅನ್ನಿಸುತ್ತದೆ. ಆದರೆ ಅದು ಜೀವ ಇರುವ ಗಸಿ, ಎಸೆಯುವಂಥದ್ದಲ್ಲ. ‘ಗಸಿ’ ಅಂದರೆ ಎಲ್ಲಿ ಚೆಲ್ಲಿಬಿಡುತ್ತಾರೋ ಅಂತ ಭಯ.

ಇಳಕಲ್ಲು, ಗುಳೇದಗುಡ್ಡದ ಕಡೆಯವರು ಯಾರಾದರೂ ಇದ್ದರೆ, ಬಣ್ಣ ಹಾಕುವವರ ಮನೆಗಳಲ್ಲಿ ಬಾನಿಯ ಬಣ್ಣ ಸತ್ತುಹೋದರೆ ಏನಂತಾರೆ, ದಯವಿಟ್ಟು ಕೇಳಿ ತಿಳಿಸಿ.